ಪದವಿನ ಹಾಡಿಗೆ ಬಾನುಲಿಯ ನಂಟು

ತುಳುವಿನಲ್ಲಿ ಪದವು ಎಂದರೆ ಮುರಕಲ್ಲಿನ ಎತ್ತರದ ಬಯಲು. ಬಂಟ್ವಾಳ ತಾಲ್ಲೂಕಿನ ವಾಮದಪದವು ತನ್ನ ನೆಲದ ಗುರುತನ್ನು ಹೆಸರಿನಲ್ಲಿಯೇ ಹೊತ್ತುಕೊಂಡಿದೆ. ಮೇಲೆ ಕೆಂಪು ಕಲ್ಲು, ಮುಳಿಹುಲ್ಲು. ಇಳಿಜಾರಿನ ಕೆಳಗೆ ಅಡಕೆ ತೋಟ, ಗದ್ದೆ. ಈ ಸೀಮೆಯಲ್ಲಿ ನೇಜಿ ನೆಡುವ ಹೆಂಗಸರು ಪಾಡ್ದನ ಹಾಡುತ್ತಿದ್ದರು. ಒಬ್ಬಾಕೆ ಎತ್ತಿಕೊಡುವಳು, ಉಳಿದವರು ದನಿಗೂಡಿಸುವರು. ಕೆಲಸ ಸಾಗಿದಷ್ಟು ಹಾಡೂ ಸಾಗುವುದು.

ಇಂತಹ ಹಾಡು ಬಾನುಲಿಯನ್ನು ಏರಬೇಕಾದರೆ ನಿರೂಪಕನಿಗೆ ಹಳ್ಳಿಯ ದನಿಯ ಹುಚ್ಚಿರಬೇಕು. ಅಮೆರಿಕದ ನ್ಯಾಶ್‌ವಿಲ್ ನಗರದ ಜಾರ್ಜ್ ಹೇ ಎಂಬಾತನಿಗೆ ಅದಿತ್ತು. 1925ರ ನವೆಂಬರ್ 28ರ ರಾತ್ರಿ ಆತ ಜಿಮ್ಮಿ ಥಾಂಪ್ಸನ್ ಎಂಬ ವೃದ್ಧ ಪಿಟೀಲುಗಾರನನ್ನು ಮೈಕಿನ ಮುಂದೆ ಕೂಡಿಸಿದ. ವಿದ್ಯೆಯ ಹೆಮ್ಮೆಯ ನಗರವಾಸಿಗಳು ಮೂಗು ಮುರಿದರು. ಮುರಿದರೇನು? ಕಂಟ್ರಿ ಸಂಗೀತದ ಆ ಕಾರ್ಯಕ್ರಮ ಇಂದಿಗೂ ನಡೆಯುತ್ತಿದೆ.

ಮಂಗಳೂರು ಆಕಾಶವಾಣಿ ಆರಂಭವಾದದ್ದು 1976ರಲ್ಲಿ. ಸಂತ ಅಲೋಶಿಯಸ್ ಕಾಲೇಜಿನ ರೇಡಿಯೋ ಸಾರಂಗ್ 2009ರಲ್ಲಿ ಬಂದಿತು. ತುಳುವಿಗೆ ಎರಡೂ ಕಡೆ ಎಡೆ ದೊರೆಯಿತು. ಆದರೆ ಪಾಡ್ದನಕ್ಕೂ ಗಡಿಯಾರಕ್ಕೂ ಹೊಂದಿಕೆಯಿಲ್ಲ. ನೆರೆಯ ಬೆಳ್ತಂಗಡಿ ತಾಲ್ಲೂಕಿನ ಗೋಪಾಲ ನಾಯ್ಕರು 1990ರಲ್ಲಿ ಹಾಡಿ, ವಿದ್ವಾಂಸರು ಧ್ವನಿಮುದ್ರಿಸಿಕೊಂಡ ಸಿರಿ ಕಾವ್ಯ 15,683 ಸಾಲುಗಳಷ್ಟು ದೀರ್ಘ! ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಸಿರಿಯ ನಾಮಕರಣವೂ ಮುಗಿಯದು.

ಇತ್ತ ಗದ್ದೆಗಳು ಅಡಕೆ ತೋಟಗಳಾಗುತ್ತಿವೆ. ನೇಜಿಯ ಸಾಲಿಲ್ಲದ ಮೇಲೆ ಹಾಡನ್ನು ಎತ್ತಿಕೊಡುವವರಾರು, ದನಿಗೂಡಿಸುವವರಾರು? ಅದನ್ನು ಬಲ್ಲ ಅಜ್ಜಿಯರು ಜಗಲಿಯಲ್ಲಿ ಎಲೆಯಡಕೆ ಮೆಲ್ಲುತ್ತ ಕುಳಿತಿದ್ದಾರೆ. ಮೈಕು ಹಿಡಿದು ಈ ಪದವನ್ನು ಹತ್ತಿ ಬರುವ ನಿರೂಪಕ, ಕೈಗಡಿಯಾರವನ್ನು ಮಂಗಳೂರಿನಲ್ಲಿಯೇ ಬಿಟ್ಟು ಬರಬೇಕು.