ಘಾಟಿ ಇಳಿಯುವ ಮೊದಲು

ಜುಲೈ 7, ಭಾನುವಾರ. ತೀರ್ಥಹಳ್ಳಿ

ಆಗುಂಬೆಯಿಂದ ವಾಪಸ್ ಬರುವಾಗ ಗುಡ್ಡೇಕೇರಿ ದಾಟಿದ ಮೇಲೆ ಕಾರಿನೊಳಗೆಲ್ಲ ರಬ್ಬರ್ ಸುಟ್ಟ ವಾಸನೆ. ಹಿಂದಿನ ಸೀಟಿನಲ್ಲಿದ್ದ ಅಮ್ಮನಿಗೇ ಮೊದಲು ಗೊತ್ತಾಗಿದ್ದು. "ಏನೋ ಸೀದ ವಾಸ್ನೆ ಬರ್ತಿದೆ ಕಣೋ, ನಿಲ್ಲಿಸು" ಅಂದಳು.

ನಿಲ್ಲಿಸಿ ಬಾನೆಟ್ ಎತ್ತಿದೆ. ಹೊಗೆ ಇಲ್ಲ. ನನಗೆ ಭಯವಿದ್ದದ್ದು ವೈರಿನದು. ವೈರಿನ ಹೊದಿಕೆ ಸುಟ್ಟರೆ ವಾಸನೆ ಕಟುವಾಗಿರುತ್ತದೆ, ಕಣ್ಣು ಉರಿಯುತ್ತದೆ. ಆಗ ಗಾಡಿ ಆಫ್ ಮಾಡಿ ಬ್ಯಾಟರಿಯ ನೆಗೆಟಿವ್ ಬಿಚ್ಚುವುದೇ ಮೊದಲ ಕೆಲಸ. ಇದು ಅದಲ್ಲ. ಸೈಲೆನ್ಸರ್ ಪೈಪಿಗೆ ಪ್ಲಾಸ್ಟಿಕ್ ಕವರ್ ಅಂಟಿಕೊಂಡಿದೆಯೇ ಎಂದು ಬಗ್ಗಿ ನೋಡಿದೆ, ಇಲ್ಲ. ನಾಲ್ಕೂ ಚಕ್ರದ ಹತ್ತಿರ, ಮುಟ್ಟದೆ, ಅಂಗೈ ಹಿಡಿದು ನೋಡಿದೆ. ಬ್ರೇಕ್ ಕಚ್ಚಿಕೊಂಡಿದ್ದರೆ ಒಂದು ಚಕ್ರ ಉಳಿದವಕ್ಕಿಂತ ಕಾದಿರಬೇಕಿತ್ತು, ಕಾರೂ ಒಂದು ಪಕ್ಕಕ್ಕೆ ಎಳೆಯಬೇಕಿತ್ತು. ಎರಡೂ ಇಲ್ಲ.

ತಿಂಗಳ ಕೊನೆಗೆ ಅಮ್ಮನನ್ನು ಕಣ್ಣಿನ ತಪಾಸಣೆಗೆ ಮಣಿಪಾಲಕ್ಕೆ ಕರೆದೊಯ್ಯಬೇಕು. ಆಗುಂಬೆಯಿಂದ ಸೋಮೇಶ್ವರದವರೆಗಿನ 14 ಹೇರ್‌ಪಿನ್ ತಿರುವು, ಅದೂ ಈ ಮಳೆಯಲ್ಲಿ. ಕಾರಣ ಗೊತ್ತಾಗದೆ ಹೊರಡುವ ಮಾತೇ ಇಲ್ಲ.

ಜುಲೈ 8, ಸೋಮವಾರ

ಪೇಟೆಯ ಗ್ಯಾರೇಜಿಗೆ ಹೋದೆ. ವಾಸನೆ ಅಂದ ತಕ್ಷಣ ಅವರು ಹೇಳಿದ್ದು "ಕ್ಲಚ್ ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸ್ಬೇಕು." ಘಾಟಿಯಲ್ಲಿ ಹಾಫ್ ಕ್ಲಚ್‌ನಲ್ಲಿ ಏರಿಸುವವರೇ ಹೆಚ್ಚು, ಹಾಗಾಗಿ ಆ ಅನುಮಾನ ಸಹಜವೇ. ಆದರೆ ಕ್ಲಚ್ ಸುಟ್ಟರೆ ಏರಿನಲ್ಲಿ ಎಂಜಿನ್ ಬೊಬ್ಬೆ ಹೊಡೆಯುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ. ನಮ್ಮದು ಚೆನ್ನಾಗಿಯೇ ಎಳೆಯುತ್ತಿದೆ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು, ಮೂರನೇ ಗೇರ್ ಹಾಕಿ ಕ್ಲಚ್ ನಿಧಾನವಾಗಿ ಬಿಟ್ಟೆ. ಎಂಜಿನ್ ಅಲ್ಲೇ ಆಫ್ ಆಯಿತು. ಪ್ಲೇಟ್ ಜಾರುತ್ತಿದ್ದರೆ ಓಡುತ್ತಲೇ ಇರುತ್ತಿತ್ತು. ಗೇರ್‌ಬಾಕ್ಸ್ ಮುಟ್ಟಬೇಡಿ ಎಂದು ಹೇಳಿ ಬಂದೆ.

ಜುಲೈ 10, ಬುಧವಾರ

ಇವತ್ತು ಸುಳಿವು ಸಿಕ್ಕಿತು. ಮಳೆಗೆ ಮುಂದಿನ ಗಾಜಿನ ಮೇಲೆ ಮಂಜು ಕೂತು ಎ.ಸಿ. ಹಾಕಿದೆ. ಸ್ವಲ್ಪ ಹೊತ್ತಿಗೆ ಅದೇ ವಾಸನೆ. ಎ.ಸಿ. ಆಫ್ ಮಾಡಿದರೆ ಕಡಿಮೆ. ಹೊರಗಿನ ಗಾಳಿ ಬರುವ ದಾರಿ ಮುಚ್ಚಿದರೆ ಇನ್ನೂ ಕಡಿಮೆ. ಅಂದರೆ ಅದು ಬರುತ್ತಿರುವುದು ಬಾನೆಟ್ ಕೆಳಗಿನಿಂದಲೇ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಕೀಂಯ್ ಎಂಬ ಸದ್ದು ಬರುತ್ತಿದ್ದುದಕ್ಕೂ ಈಗ ಅರ್ಥ ಬಂತು. ಬೆಲ್ಟ್ ಜಾರುತ್ತಿದೆ.

ಯಾಕೆ ಜಾರುತ್ತಿದೆ ಎಂಬುದು ಬೇರೆ ಪ್ರಶ್ನೆ. ಹೊಸ ಬೆಲ್ಟ್ ಹಾಕಿ ಕೈತೊಳೆದುಕೊಂಡರೆ ಅದೂ ಸುಡುತ್ತದೆ.

ಜುಲೈ 13, ಶನಿವಾರ

ಶಾಲೆ ಮುಗಿಸಿ ಸೇತುವೆಯಾಚೆಯ ಮೇಸ್ತ್ರಿಯ ಹತ್ತಿರ ಹೋದೆ. ಮಾತಿಗಿಂತ ಮೊದಲು ಟಾರ್ಚ್ ಹಿಡಿದರು. ಎ.ಸಿ. ಕಂಪ್ರೆಸರ್ ಸುತ್ತ ಕಾಡಿಗೆಯಂಥ ಕಪ್ಪು ಪುಡಿ ಅಂಟಿತ್ತು, ಎಲ್ಲ ಸವೆದ ರಬ್ಬರೇ. ಬೆಲ್ಟಿನ ಒಳಮೈ ಗಾಜಿನ ಹಾಗೆ ನುಣುಪಾಗಿತ್ತು, ಒಂದು ಅಂಚಿನಲ್ಲಿ ಮಾತ್ರ ನೂಲು ಎದ್ದಿತ್ತು. "ನೋಡಿ ಮೇಷ್ಟ್ರೆ, ಒಂದೇ ಕಡೆ ಸವೆದಿದೆ. ಪುಲ್ಲಿ ಸೊಟ್ಟಗೆ ಓಡ್ತಿದೆ" ಅಂದರು.

ಬೆಲ್ಟ್ ಬಿಚ್ಚಿ ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದರು. ಆಲ್ಟರ್ನೇಟರಿನದು ಸದ್ದಿಲ್ಲದೆ ಸುತ್ತಿತು. ನೀರಿನ ಪಂಪಿನದೂ ಸರಿ. ಕಂಪ್ರೆಸರಿನದು ಗರಗರ ಅಂತು, ಹಿಡಿದು ಅಲ್ಲಾಡಿಸಿದರೆ ಆಡುತ್ತಿತ್ತು. ಬೇರಿಂಗ್ ಸತ್ತಿದೆ.

"ಅರ್ಜೆಂಟಿದ್ರೆ ಎ.ಸಿ. ಹಾಕದೆ ಓಡಿಸ್ಬಹುದಾ?" ಎಂದು ಕೇಳಿದೆ. ಮೇಸ್ತ್ರಿ ತಲೆ ಅಲ್ಲಾಡಿಸಿದರು. ಎ.ಸಿ. ಆಫ್ ಇದ್ದರೂ ಆ ಪುಲ್ಲಿ ಬೆಲ್ಟಿನ ಜೊತೆ ಸುತ್ತುತ್ತಲೇ ಇರುತ್ತದೆ, ಒಳಗೆ ಕಂಪ್ರೆಸರ್ ಮಾತ್ರ ನಿಂತಿರುತ್ತದೆ. ನಮ್ಮ ಕಾರಿನಲ್ಲಿ ಆಲ್ಟರ್ನೇಟರ್, ನೀರಿನ ಪಂಪ್, ಕಂಪ್ರೆಸರ್ ಮೂರಕ್ಕೂ ಒಂದೇ ಬೆಲ್ಟ್. ಬೇರಿಂಗ್ ಹಿಡಿದುಕೊಂಡು ಬೆಲ್ಟ್ ಕಿತ್ತರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಪಂಪ್ ನಿಲ್ಲುತ್ತದೆ, ಎಂಜಿನ್ ಕಾಯುತ್ತದೆ. ಘಾಟಿಯ ನಡುವೆ, ಪಕ್ಕಕ್ಕೆ ನಿಲ್ಲಿಸಲೂ ಜಾಗವಿಲ್ಲದ ತಿರುವಿನಲ್ಲಿ, ಅಮ್ಮ ಹಿಂದೆ ಕೂತಿರುವಾಗ ಹೀಗಾದರೆ? ನೆನೆದೇ ಮೈ ಜುಮ್ಮೆಂದಿತು.

ಗ್ಯಾಸ್ ಬಿಡದೆಯೇ ಪುಲ್ಲಿ ಕಳಚಿ ಬೇರಿಂಗ್ ಬದಲಿಸಿದರು. ಎಣ್ಣೆ ಸೋರಿ ಬೆಲ್ಟಿಗೆ ಬೀಳುತ್ತಿಲ್ಲ ಎಂದು ಕ್ರ್ಯಾಂಕ್ ಸೀಲಿನ ಹತ್ತಿರ ಒರೆಸಿ ನೋಡಿದರು. ಹೊಸ ಬೆಲ್ಟ್ ಹಾಕಿ, ಉದ್ದದ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ ಬಿಗಿ ನೋಡಿದರು. ಸುಮಾರು 10 ಮಿ.ಮೀ. ತಗ್ಗಬೇಕಂತೆ. ಹೆಚ್ಚು ಬಿಗಿಯಾದರೆ ಬೇರಿಂಗಿಗೆ ಕುತ್ತು, ಸಡಿಲವಾದರೆ ಮತ್ತೆ ಜಾರುತ್ತದೆ. ಸದ್ದಿಗೆ ಸ್ಪ್ರೇ ಹೊಡೆಯಬಹುದೇ ಎಂದೆ. "ಅದು ರೋಗ ಮುಚ್ಚುತ್ತೆ, ವಾಸಿ ಮಾಡಲ್ಲ" ಅಂದರು. ಇಂಥ ಮೇಸ್ತ್ರಿ ಊರಿಗೊಬ್ಬರಿರಬೇಕು. ಸಾಮಾನು, ಕೂಲಿ ಸೇರಿ 2,600 ರೂಪಾಯಿ.

ಜುಲೈ 20, ಶನಿವಾರ

ಹೊಸ ಬೆಲ್ಟ್ ಓಡಿದ ಮೇಲೆ ಸ್ವಲ್ಪ ಹಿಗ್ಗುತ್ತದೆ, ಹಾಗಾಗಿ ಮತ್ತೆ ಬಿಗಿ ಮಾಡಿಸಿಕೊಂಡು ಬಂದೆ. ಮೇಗರವಳ್ಳಿವರೆಗೆ ಎ.ಸಿ. ಹಾಕಿಕೊಂಡೇ ಹೋಗಿಬಂದೆ. ವಾಸನೆ ಇಲ್ಲ, ಬೆಳಗಿನ ಸದ್ದೂ ಇಲ್ಲ, ಪುಲ್ಲಿಯ ಸುತ್ತ ಹೊಸದಾಗಿ ಪುಡಿ ಕೂತಿಲ್ಲ. ಮಂಗಳವಾರ ಬೆಳಿಗ್ಗೆ ಆರಕ್ಕೆ ಮಣಿಪಾಲಕ್ಕೆ ಹೊರಡುವುದು. ಅಮ್ಮನಿಗೆ ಹೇಳಿಯಾಯಿತು.