ಬರ್ಗೆನ್‌ನ ಮರದ ಚರ್ಚು

ನಾರ್ವೆ ದೇಶದ ಬರ್ಗೆನ್, ನಮ್ಮ ಆಗುಂಬೆಯ ಹಾಗೆ, ಮಳೆಗೆ ಹೆಸರಾದ ಊರು. ಅಲ್ಲಿನ ರೈಲು ನಿಲ್ದಾಣದಿಂದ ತುಸು ದೂರ ನಡೆದರೆ ಹಳೆಯ ಮರದ ಕಟ್ಟಡಗಳ ಗುಂಪೊಂದು ಸಿಗುತ್ತದೆ. ಅದೇ ಸಂತ ಯೋರ್ಗೆನ್ ಆಸ್ಪತ್ರೆ. ಪಕ್ಕದಲ್ಲೇ ಮರದ ಪುಟ್ಟ ಚರ್ಚು.

ಇದು ಕುಷ್ಠರೋಗಿಗಳಿಗಾಗಿ ಇದ್ದ ಆಸ್ಪತ್ರೆ. 1411ರಷ್ಟು ಹಿಂದಿನ ದಾಖಲೆಯಲ್ಲೇ ಇದರ ಹೆಸರಿದೆ. 1702ರಲ್ಲಿ ಊರಿಗೆ ಬೆಂಕಿ ಬಿದ್ದಾಗ ಇದೂ ಸುಟ್ಟುಹೋಯಿತು. ಜನ ಮತ್ತೆ ಕಟ್ಟಿದರು. ಈಗ ಕಾಣುವ ಚರ್ಚು 1707ರದು. ಆಸ್ಪತ್ರೆ ಈಗ ವಸ್ತುಸಂಗ್ರಹಾಲಯ.

ಒಳಗೆ ಉದ್ದನೆಯ ಹಜಾರ. ಸುತ್ತ ಎರಡು ಅಂತಸ್ತಿನಲ್ಲಿ ಸಾಲು ಸಾಲು ಕೋಣೆಗಳು. ಒಂದರೊಳಗೆ ಇಣುಕಿ ನೋಡಿದೆ. ನಮ್ಮ ಹಳೇ ಮನೆಗಳ ದೇವರಕೋಣೆಯಷ್ಟೇ ಜಾಗ! ಆಗ ಈ ರೋಗಕ್ಕೆ ಮದ್ದು ಇರಲಿಲ್ಲ. ಒಳಗೆ ಬಂದವರಲ್ಲಿ ಹೆಚ್ಚಿನವರು ಮನೆಗೆ ಮರಳಲಿಲ್ಲ. ಹೊರಗಿನವರು ಹತ್ತಿರ ಸೇರಿಸದ ಈ ಜನರಿಗೆ, ನಾಲ್ಕು ಹೆಜ್ಜೆ ನಡೆದರೆ ಸಿಗುತ್ತಿದ್ದ ಚರ್ಚೇ ಒಟ್ಟಾಗಿ ಕೂರುವ ಜಾಗವಾಗಿತ್ತು.

ಮಕ್ಕಳೇ, ಈ ರೋಗ ವಂಶದಿಂದ ಬರುತ್ತದೆ ಎಂದು ಅಂದಿನ ದೊಡ್ಡ ವೈದ್ಯರೂ ನಂಬಿದ್ದರು. ಇದೇ ಬರ್ಗೆನ್‌ನ ವೈದ್ಯ ಗೆರ್ಹಾರ್ಡ್ ಅರ್ಮೌಯರ್ ಹ್ಯಾನ್ಸನ್ 1873ರಲ್ಲಿ ಸೂಕ್ಷ್ಮದರ್ಶಕದಡಿ ಕಡ್ಡಿಯಂಥ ರೋಗಾಣುವನ್ನು ಕಂಡರು. ಹಾಗಾದರೆ ಇದು ಕುಲದ ದೋಷವಲ್ಲ, ಪಾಪದ ಫಲವೂ ಅಲ್ಲ! ಕುಷ್ಠಕ್ಕೆ ಇಂದು ಹ್ಯಾನ್ಸನ್ ಕಾಯಿಲೆ ಎಂದೂ ಹೆಸರು.

ನಾರ್ವೆ 1856ರಿಂದಲೇ ಕುಷ್ಠರೋಗಿಗಳ ಹೆಸರುಗಳನ್ನು ದಾಖಲಿಸತೊಡಗಿತ್ತು. ಬರ್ಗೆನ್‌ನ ಆ ಕಡತಗಳನ್ನು ಯುನೆಸ್ಕೊ 2001ರಲ್ಲಿ ವಿಶ್ವದ ಸ್ಮೃತಿ ಪಟ್ಟಿಗೆ ಸೇರಿಸಿದೆ. ಊರು ಮರೆತವರ ಹೆಸರುಗಳು ಕಾಗದದಲ್ಲಾದರೂ ಉಳಿದವು. ಈ ಆಸ್ಪತ್ರೆಯ ಕೊನೆಯ ಇಬ್ಬರು ರೋಗಿಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇಲ್ಲೇ ಬಾಳಿ, 1946ರಲ್ಲಿ ತೀರಿಕೊಂಡರು.

ಈಗ ಆರರಿಂದ ಹನ್ನೆರಡು ತಿಂಗಳು ಗುಳಿಗೆ ನುಂಗಿದರೆ ಕುಷ್ಠ ವಾಸಿಯಾಗುತ್ತದೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಕಂಡರೆ ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು. ತಡಮಾಡಿದರೆ ಕೈಕಾಲುಗಳ ನರಗಳಿಗೆ ಪೆಟ್ಟು.

ಸೇವಾಗ್ರಾಮದಲ್ಲಿ ಗಾಂಧೀಜಿ, ಕುಷ್ಠ ತಗುಲಿದ್ದ ಸಂಸ್ಕೃತ ವಿದ್ವಾಂಸ ಪರಚುರೆ ಶಾಸ್ತ್ರಿಗಳಿಗೆ ತಮ್ಮ ಕೈಯಾರೆ ಆರೈಕೆ ಮಾಡಿದರು. ಅವರು ಹುತಾತ್ಮರಾದ ಜನವರಿ 30ನ್ನು ನಮ್ಮ ದೇಶದಲ್ಲಿ ಕುಷ್ಠರೋಗ ವಿರೋಧಿ ದಿನವಾಗಿ ಆಚರಿಸುತ್ತಾರೆ. ಹಿಂದೆ ನಮ್ಮಲ್ಲೂ ಈ ರೋಗಿಗಳನ್ನು ಊರಾಚೆ ಇಡುತ್ತಿದ್ದರು. ಆ ಕಾಲದ ಕಥೆಯನ್ನು ಅಜ್ಜ ಅಜ್ಜಿಯರ ಹತ್ತಿರ ಕೇಳಿ. ರೋಗಕ್ಕೆ ಮದ್ದು ಬಂದಿದೆ, ಇನ್ನು ಅಂಜಿಕೆಯನ್ನು ನೀವು ಬಿಡಿಸಬೇಕು.