ಭಾವಗೀತೆಗೊಂದು ಡ್ರಮ್ಮು

ಮನೆಯಲ್ಲಿಯೇ ಭಾವಗೀತೆಗಳನ್ನು ಮುದ್ರಿಸುವ ನಮಗೆ, ನಿಜವಾದ ಡ್ರಮ್ಮಿನ ಪೆಟ್ಟುಗಳನ್ನು ಕೂಡಿಟ್ಟ ತಂತ್ರಾಂಶಗಳಲ್ಲಿ ಒಂದನ್ನು ಆರಿಸಬೇಕಾಗಿತ್ತು. 2017ರ ‘ಸುಪೀರಿಯರ್ ಡ್ರಮ್ಮರ್ 3’ರ ವೈಭವ ದೊಡ್ಡದು: ಬೆಲ್ಜಿಯಮ್ಮಿನ ಗ್ಯಾಲಕ್ಸಿ ಸ್ಟುಡಿಯೋದಲ್ಲಿ ಜಾರ್ಜ್ ಮ್ಯಾಸೆನ್‌ಬರ್ಗ್ ಮುದ್ರಿಸಿದ, 230 ಜಿಬಿಯಷ್ಟು ನಾದಸಂಗ್ರಹ (ನಮ್ಮ ಲ್ಯಾಪ್‌ಟಾಪಿಗೆ ಅಜೀರ್ಣವೇ ಸರಿ). ಆದರೆ ಸಹಜತೆಯನ್ನು ನಾವು ಅಳೆದದ್ದು ಸ್ನೇರಿನ ಮೇಲೆ ಒಂದೇ ಬಲದ ಎಂಟು ಮೆಲುಪೆಟ್ಟು ಹಾಕಿಸಿ. ಎಂಟೂ ಒಂದೇ ಅಚ್ಚಿನವಾದರೆ ಕಿವಿಗೆ ಅದು ಹೊಲಿಗೆಯಂತ್ರ. ಪ್ರತಿ ಪೆಟ್ಟಿಗೂ ಬೇರೆ ಮುದ್ರಿಕೆಯನ್ನು ಸರದಿಯಲ್ಲಿ ನುಡಿಸಿದರಷ್ಟೇ ಮನುಷ್ಯನ ಕೈ ಕೇಳಿಸುತ್ತದೆ. ಈ ಪರೀಕ್ಷೆಯಲ್ಲಿ ಹಗುರವಾದ ‘ಅಡಿಕ್ಟಿವ್ ಡ್ರಮ್ಸ್ 2’ ಕೂಡ ತೇರ್ಗಡೆಯಾಯಿತು. ಮಿಕ್ಕ ತೀರ್ಮಾನ ಸಾಹಿತ್ಯದ್ದು. ಕಡ್ಡಿಯ ಪೆಟ್ಟು ಎಷ್ಟೇ ನಯವಾದರೂ ಒತ್ತಕ್ಷರಗಳನ್ನು ಮುಚ್ಚುತ್ತಿತ್ತು. ಅಡಿಕ್ಟಿವ್‌ಗೆಂದೇ ಸಿಗುವ ಜಾಝ್ ಬ್ರಷ್ಷಿನ ಕಂತೆಯನ್ನು ಕೊಂಡೆವು. ಹಾಡಿನ ಮಾತು ಈಗ ಕೊನೆಯ ಸಾಲಿನವರೆಗೂ ತಿಳಿಯುತ್ತದೆ.